ಏಳರಿಂದ ಎಂಟಕ್ಕೆ: ಮಲೆನಾಡಿನ ಮಕ್ಕಳನ್ನು ಹೈಸ್ಕೂಲಿಗೆ ಅಣಿ ಮಾಡುವ ಬಗೆ

ನಮ್ಮ ಕಡೆ ಏಳನೇ ಕ್ಲಾಸಿನವರೆಗೆ ಶಾಲೆ ಅಂದರೆ ಊರೊಳಗಿನ ಇನ್ನೊಂದು ಮನೆ ಇದ್ದ ಹಾಗೆ. ಮೇಷ್ಟ್ರಿಗೆ ಮಗುವಿನ ಹೆಸರು ಮಾತ್ರವಲ್ಲ, ಅದರ ಅಜ್ಜಿಯ ಮಂಡಿನೋವೂ ಗೊತ್ತಿರುತ್ತದೆ. ಬೆಲ್ ಕೇಳಿಸಿದ ಮೇಲೆ ಓಡಿದರೂ ಪ್ರಾರ್ಥನೆಗೆ ಸಿಗಬಹುದು. ಜೂನ್ ಬಂತು ಅಂದರೆ ಅದೇ ಮಗು ಬೆಳಿಗ್ಗೆ ಬೇಗ ಮನೆ ಬಿಟ್ಟು, ಗದ್ದೆ ಅಂಚು ದಾಟಿ, ಬಸ್ ಹಿಡಿದು, ಯಾರ ಗುರುತೂ ಇಲ್ಲದ ಬೆಂಚಿನ ಮೇಲೆ ಹೋಗಿ ಕೂರಬೇಕು. ಅದೂ ಮಳೆ ಹಿಡಿಯುವ ಹೊತ್ತಿಗೇ.

ನಾನು ಎಂಟನೇ ತರಗತಿಗೆ ಗಣಿತ ಹೇಳಿಕೊಡುವವಳು. ಶುರುವಿನಲ್ಲಿ ಹಿಂದೆ ಬೀಳುವ ಮಕ್ಕಳಲ್ಲಿ ಜಾಸ್ತಿ ಜನ ಓದಿನಲ್ಲಿ ಚುರುಕಾಗಿಯೇ ಇರುತ್ತಾರೆ. ಆದರೆ ಒದ್ದೆ ಬಟ್ಟೆಯಲ್ಲಿ ಕೂತಿರುತ್ತಾರೆ. ಎರಡು ಪೀರಿಯಡ್ ಮುಗಿಯುವಷ್ಟರಲ್ಲಿ ಹಸಿದಿರುತ್ತಾರೆ. ಸಂಜೆ ಬಸ್ ತಪ್ಪಿದರೆ ಏನು ಮಾಡುವುದು ಅನ್ನುವ ದಿಗಿಲಲ್ಲಿ ಕೊನೆಯ ಪೀರಿಯಡ್ ಅವರ ಕಿವಿಗೇ ಬೀಳುವುದಿಲ್ಲ. ಪಾಠ ಆಮೇಲೆ ನೋಡಿಕೊಳ್ಳಬಹುದು, ಮೊದಲು ದಿನವನ್ನು ಸರಿಮಾಡಿ ಎಂದು ನಾನು ಹೇಳುವುದು ಇದಕ್ಕೇ. ಈ ಕೆಲಸ ಜೂನ್ ಒಂದರಂದು ಶುರುವಾದರೆ ತಡವಾಯಿತು. ಏಳನೇ ತರಗತಿ ಮುಗಿಯುವ ಮೊದಲೇ ಶುರುಮಾಡಬೇಕು. ತಿಂಗಳ ಲೆಕ್ಕದಲ್ಲೇ ಹೇಳುತ್ತಾ ಹೋಗುತ್ತೇನೆ.

ಫೆಬ್ರವರಿ, ಮಾರ್ಚ್: ಯಾವ ಹೈಸ್ಕೂಲು?

ನಮ್ಮ ರಾಜ್ಯದಲ್ಲಿ ಪ್ರೌಢಶಾಲೆ ಅಂದರೆ ಎಂಟರಿಂದ ಹತ್ತು. ಆದರೆ ಕೆಲವು ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಎಂಟನೇ ತರಗತಿಯೂ ಇದೆ. ಹಾಗಾಗಿ ಮೊದಲ ಪ್ರಶ್ನೆ: ಏಳು ಮುಗಿದ ಕೂಡಲೇ ಬಿಡಿಸಬೇಕಾ, ಎಂಟು ಇಲ್ಲೇ ಮುಗಿಸಬೇಕಾ? ಊರ ಶಾಲೆಯಲ್ಲಿ ಎಂಟನೇ ತರಗತಿಗೆ ಗಣಿತ, ವಿಜ್ಞಾನ, ಇಂಗ್ಲಿಷ್ ಹೇಳುವ ಶಿಕ್ಷಕರು ನಿಜವಾಗಿ ಇದ್ದಾರಾ ಎಂದು ವಿಚಾರಿಸಿ. ಇದ್ದರೆ ಒಂದು ವರ್ಷ ಅಲ್ಲೇ ಇರಲಿ, ಮಗು ಇನ್ನಷ್ಟು ಗಟ್ಟಿಯಾಗುತ್ತದೆ. ಹುದ್ದೆ ಖಾಲಿ ಇದ್ದರೆ ಏಳಕ್ಕೇ ಬಿಡಿಸುವುದು ಒಳ್ಳೆಯದು. ಒಂಬತ್ತಕ್ಕೆ ಹೋಗಿ ಸೇರುವ ಮಗುವಿಗೆ ಇನ್ನೊಂದು ತೊಡಕಿದೆ: ಅಷ್ಟರಲ್ಲಿ ಉಳಿದವರ ಗೆಳೆತನ ಗಟ್ಟಿಯಾಗಿ ಒಂದು ವರ್ಷ ಆಗಿರುತ್ತದೆ.

ಶಾಲೆ ಆರಿಸುವಾಗ ರಿಸಲ್ಟ್ ಬೋರ್ಡ್ ನೋಡುವ ಮೊದಲು ಬಸ್ಸಿನ ಟೈಮ್ ನೋಡಿ. ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಹೆಸರುವಾಸಿ ಶಾಲೆ ಇದೆ ಎಂದು ಮಗುವನ್ನು ದಿನಾ ಮೂರು ತಾಸು ರಸ್ತೆಯಲ್ಲಿ ಕಳೆಯುವಂತೆ ಮಾಡಿದರೆ ಓದುವ ಹೊತ್ತೇ ಉಳಿಯುವುದಿಲ್ಲ. ಹೋಬಳಿಯ ಸರ್ಕಾರಿ ಹೈಸ್ಕೂಲು ಅರ್ಧ ತಾಸಿನ ದಾರಿಯಲ್ಲಿದ್ದರೆ ನನ್ನ ಮತ ಅದಕ್ಕೇ. ಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಬಿಸಿಯೂಟ ಹತ್ತನೇ ತರಗತಿಯವರೆಗೂ ಅಲ್ಲಿ ಸಿಗುತ್ತದೆ. ದಾರಿಯ ಬಗ್ಗೆ ಹಳೆಯ ಲೆಕ್ಕ ಹಿಡಿದು ಕೂರಬೇಡಿ. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರು ಸಾಗರಕ್ಕೆ ಬರಲು ಲಾಂಚ್ ಕಾಯಬೇಕಿತ್ತು, 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಲೆಕ್ಕವೇ ಬೇರೆಯಾಗಿದೆ.

ದಿನಾ ಓಡಾಡಲು ಆಗದಷ್ಟು ದೂರ ಇದ್ದರೆ ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ಪೂರ್ವ ಹಾಸ್ಟೆಲ್‌ಗಳಿವೆ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಗಾಜನೂರಿನ ನವೋದಯ, ಇವೆಲ್ಲ ಪ್ರವೇಶ ಪರೀಕ್ಷೆ ಬರೆದು ಆರನೇ ತರಗತಿಗೆ ಸೇರುವಂಥವು. ಆದರೆ ನವೋದಯದಲ್ಲಿ ಖಾಲಿ ಉಳಿದ ಸೀಟುಗಳಿಗೆ ಒಂಬತ್ತನೇ ತರಗತಿಗೂ ಪರೀಕ್ಷೆ ನಡೆಯುತ್ತದೆ, ಎಂಟರಲ್ಲಿ ಓದುತ್ತಿರುವಾಗ ಅರ್ಜಿ ಹಾಕಬೇಕು. ಇದು ಗೊತ್ತಿಲ್ಲದ ಪೋಷಕರೇ ಜಾಸ್ತಿ.

ಮಾಧ್ಯಮ ಬದಲಿಸುವ ಮಾತು ಬಂದೇ ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವನ್ನು ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಬೇಕೇ? ಇಂಗ್ಲಿಷ್ ಪಠ್ಯಪುಸ್ತಕದ ಒಂದು ಪುಟ ಓದಿ, ಏನಿದೆ ಎಂದು ತನ್ನ ಮಾತಿನಲ್ಲಿ ಹೇಳಬಲ್ಲದಾದರೆ ಯೋಚಿಸಬಹುದು. ಇಲ್ಲವೆಂದರೆ ಬೇಡ. ಹೊಸ ಶಾಲೆ, ಹೊಸ ದಾರಿ, ಹೊಸ ವಿಷಯ, ಅದರ ಮೇಲೆ ಹೊಸ ಭಾಷೆ ಎಂದರೆ ಹೊರೆ ಜಾಸ್ತಿಯಾಯಿತು. ಎಸ್‌ಎಸ್‌ಎಲ್‌ಸಿಯನ್ನು ಕನ್ನಡದಲ್ಲೇ ಬರೆಯಬಹುದು. ಮುಂದೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುವ ಆಸೆ ಇದ್ದರೆ ಎಂಟನೇ ತರಗತಿಯಿಂದಲೇ ಒಂದು ಚಿಕ್ಕ ನೋಟ್‌ಬುಕ್ ಇಡಿಸಿ. ಒಂದು ಕಡೆ ಛೇದ, ಅದರ ಎದುರು ಡಿನಾಮಿನೇಟರ್. ಒಂದು ಕಡೆ ದ್ಯುತಿಸಂಶ್ಲೇಷಣೆ, ಎದುರಿಗೆ ಫೋಟೋಸಿಂಥೆಸಿಸ್. ವಾರಕ್ಕೆ ಹತ್ತು ಪದ ಸಾಕು, ಮೂರು ವರ್ಷದಲ್ಲಿ ದೊಡ್ಡ ಗಂಟಾಗುತ್ತದೆ.

ಏಪ್ರಿಲ್: ಕಾಗದಪತ್ರ

ಟಿಸಿ ಕೈಗೆ ಬಂದಾಗ ಮಡಚಿ ಜೇಬಿಗೆ ಹಾಕಬೇಡಿ. ಅಲ್ಲೇ ನಿಂತು ಅಕ್ಷರ ಅಕ್ಷರ ಓದಿ. ಮಗುವಿನ ಹೆಸರು, ಇನಿಷಿಯಲ್, ತಂದೆ ತಾಯಿ ಹೆಸರು, ಹುಟ್ಟಿದ ತಾರೀಖು, ಜಾತಿ. ಇವು ಆಧಾರ್ ಕಾರ್ಡಿಗೆ ಹೊಂದುತ್ತವಾ ನೋಡಿ. ಇಲ್ಲಿ ಬರೆದದ್ದೇ ಮುಂದೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಗುತ್ತದೆ. ಅದು ಮುಂದೆ ಪಾಸ್‌ಪೋರ್ಟಿಗೂ ಕೆಲಸಕ್ಕೂ ದಾಖಲೆಯಾಗುತ್ತದೆ. ತಪ್ಪಿದ್ದರೆ ಈಗಲೇ ಹಳೆಯ ಶಾಲೆಯ ಮುಖ್ಯ ಶಿಕ್ಷಕರ ಬಳಿ ಮಾತಾಡಿ. ಎಸ್‌ಎಸ್‌ಎಲ್‌ಸಿ ಆದಮೇಲೆ ತಿದ್ದಿಸಲು ಹೊರಟರೆ ಓಡಾಟ ತಪ್ಪಿದ್ದಲ್ಲ.

ಒಂದು ಫೈಲಿನಲ್ಲಿ ಇವಿಷ್ಟು ಹಾಕಿಡಿ: ಟಿಸಿ, ಏಳನೇ ತರಗತಿ ಅಂಕಪಟ್ಟಿ, ಸ್ಯಾಟ್ಸ್ ನಂಬರ್ (ಶಾಲಾ ದಾಖಲೆಯಲ್ಲಿ ಮಗುವಿಗೆ ಕೊಟ್ಟ ಗುರುತಿನ ಸಂಖ್ಯೆ) ಬರೆದ ಚೀಟಿ, ಆಧಾರ್ ಪ್ರತಿ, ರೇಷನ್ ಕಾರ್ಡ್ ಪ್ರತಿ, ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮಗುವಿನ ಹೆಸರಿನ ಬ್ಯಾಂಕ್ ಪಾಸ್‌ಬುಕ್. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ನೋಡಿಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಸ್ಕಾಲರ್‌ಶಿಪ್ ಮಂಜೂರಾದರೂ ದುಡ್ಡು ಬಂದು ಬೀಳುವುದಿಲ್ಲ. ಬೇಸಿಗೆಯಲ್ಲಿ ಈ ಕೆಲಸ ಮುಗಿಸಿ. ಜೂನ್‌ನಲ್ಲಿ ನಾಡಕಚೇರಿಯಲ್ಲಿ ಕ್ಯೂ, ಹೊರಗೆ ಮಳೆ, ಮನೆಯಲ್ಲಿ ತೋಟಕ್ಕೆ ಔಷಧಿ ಹೊಡೆಸುವ ಗಡಿಬಿಡಿ.

ಮೇ: ದಾರಿ

ಇದರ ಬಗ್ಗೆ ನಾನು ಜಾಸ್ತಿಯೇ ಬರೆಯುತ್ತೇನೆ. ಬಯಲುಸೀಮೆಯಲ್ಲಿ ಐದು ಕಿಲೋಮೀಟರ್ ಎಂದರೆ ಐದೇ ಕಿಲೋಮೀಟರ್. ನಮ್ಮಲ್ಲಿ ಅದರೊಳಗೆ ಒಂದು ಗುಡ್ಡ, ಒಂದು ಹಳ್ಳ, ಒಂದು ಕಾಡುದಾರಿ ಸೇರಿರುತ್ತವೆ.

ಮೊದಲ ಸಲ ನೀವೂ ಜೊತೆಗೆ ಹೋಗಿ. ಮನೆಯಿಂದ ಹೊರಟು ಬಸ್ ಸ್ಟಾಪಿಗೆ ನಡೆದು, ಬಸ್ ಹತ್ತಿ, ಇಳಿದು, ಶಾಲೆ ಗೇಟಿನವರೆಗೆ. ಎಷ್ಟು ಹೊತ್ತು ಹಿಡಿಯಿತು ಎಂದು ಮಗುವೇ ಬರೆದುಕೊಳ್ಳಲಿ. ಎರಡನೇ ಸಲ ಮಗು ಮುಂದೆ, ನೀವು ಹಿಂದೆ. ಬಸ್ಸಿಗೆ ಕೈ ಅಡ್ಡ ಹಿಡಿಯುವುದು, ಕಂಡಕ್ಟರಿಗೆ ಊರು ಹೇಳುವುದು, ಚಿಲ್ಲರೆ ಎಣಿಸಿಕೊಳ್ಳುವುದು, ಎಲ್ಲ ಅದರದ್ದೇ ಕೆಲಸ. ನೀವು ಸುಮ್ನೆ ಕೂತಿರಿ, ಬಾಯಿ ಹಾಕಬೇಡಿ. ಮೂರನೇ ಸಲ ಒಬ್ಬರೇ ಹೋಗಿ ಬರಲಿ, ಅಥವಾ ಅದೇ ಶಾಲೆಗೆ ಹೋಗುವ ಪಕ್ಕದ ಮನೆಯ ಮಗುವಿನ ಜೊತೆ. ಬೇಸಿಗೆಯ ಬೆಳಕಿನಲ್ಲಿ ಮೂರು ಸಲ ಮಾಡಿದ್ದು ಜೂನ್‌ನ ಮಬ್ಬಿನಲ್ಲಿ ಕೈಹಿಡಿಯುತ್ತದೆ.

ಈಗ ಮಳೆಯ ಲೆಕ್ಕ. ಆಗುಂಬೆ, ಹುಲಿಕಲ್, ಹೊಸನಗರ ತಾಲ್ಲೂಕಿನ ನಗರ, ಇವುಗಳ ಸುತ್ತಮುತ್ತ ಜುಲೈ ಎಂದರೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಸಂಜೆಗೆ ಸೊಂಟದ ಮಟ್ಟ ಬಂದಿರುತ್ತದೆ. ದಾರಿಯಲ್ಲಿ ಕಾಲುಸಂಕ (ಹಳ್ಳ ದಾಟಲು ಹಾಕಿದ ಮರದ ಕಿರುಸೇತುವೆ) ಇದ್ದರೆ ಮೇ ತಿಂಗಳಲ್ಲೇ ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿ. ಸಂಕದ ಪಕ್ಕದ ಮರಕ್ಕೋ ಬಂಡೆಗೋ ಬಣ್ಣದಲ್ಲಿ ಒಂದು ಗೆರೆ ಹಾಕಿ, ಸಂಕದ ಮರಕ್ಕಿಂತ ಚೆನ್ನಾಗಿ ಕೆಳಗೆ. ನೀರು ಆ ಗೆರೆ ಮುಟ್ಟಿದರೆ ದಾಟಕೂಡದು. ಪರೀಕ್ಷೆ ಇರಲಿ, ಅಟೆಂಡೆನ್ಸ್ ಇರಲಿ, ಜೊತೆಯವರು ದಾಟಿರಲಿ. ನೀರು ಕೆಂಪಗೆ, ಕಸ ಕೊಂಬೆ ಹೊತ್ತುಕೊಂಡು ಬರುತ್ತಿದ್ದರೆ ಮೇಲೆ ಜೋರು ಮಳೆಯಾಗಿದೆ, ಮಟ್ಟ ಇನ್ನೂ ಏರುತ್ತದೆ ಎಂದು ಅರ್ಥ. ಆಗ ಗೆರೆ ನೋಡುವುದೂ ಬೇಡ. ಸಂಕ ಅಲ್ಲಾಡುತ್ತಿದ್ದರೆ, ಅಡಿಕೆ ಮರದ ದಬ್ಬೆ ಕೊಳೆತು ಲಡ್ಡಾಗಿದ್ದರೆ ಮಳೆ ಹಿಡಿಯುವ ಮೊದಲೇ ಊರವರು ಸೇರಿ ಬದಲಿಸಿ, ಗ್ರಾಮ ಪಂಚಾಯಿತಿಗೆ ಬರೆದು ಕೊಡಿ.

ದಾಟಬೇಡ ಎಂದರೆ ಸಾಲದು, ದಾಟದೇ ಎಲ್ಲಿ ಹೋಗಬೇಕು ಎಂದೂ ಹೇಳಬೇಕು. ಹಳ್ಳದ ಆಚೆ ಒಂದು ಮನೆ, ಬಸ್ ಸ್ಟಾಪಿನ ಹತ್ತಿರ ಒಂದು ಮನೆ, ಶಾಲೆ ಇರುವ ಊರಲ್ಲಿ ಒಂದು ಮನೆ. ಮೂರೂ ಕಡೆ ನೀವೇ ಹೋಗಿ ಮಾತಾಡಿ ಬನ್ನಿ. ‘ಮಳೆ ಜೋರಾದರೆ ನಮ್ಮ ಮಗು ಇಲ್ಲಿ ಬಂದು ಕೂರುತ್ತದೆ, ರಾತ್ರಿ ಉಳಿದರೂ ಉಳಿಯಬಹುದು’ ಎಂದು ಬಾಯಿಬಿಟ್ಟು ಹೇಳಿ. ಮಲೆನಾಡಿನಲ್ಲಿ ಇದಕ್ಕೆ ಇಲ್ಲ ಎನ್ನುವ ಮನೆ ಸಿಗುವುದು ಕಷ್ಟ. ಆದರೆ ಮೊದಲೇ ಹೇಳಿರದಿದ್ದರೆ ಮಗು ಸಂಕೋಚಪಟ್ಟು ಜಗಲಿ ಹತ್ತುವುದಿಲ್ಲ. ಫೋನ್ ಮೇಲೆ ನೆಚ್ಚಿಕೊಳ್ಳಬೇಡಿ. ಕರೆಂಟ್ ಹೋಗಿ ಟವರ್ ನಿಂತ ದಿನವೇ ಫೋನ್ ಬೇಕಾಗುವುದು. ಕತ್ತಲಾಗುವ ಹೊತ್ತಿಗೆ ಮಗು ಬಂದಿಲ್ಲವೆಂದರೆ ನೀವು ಯಾವ ಮನೆಯಿಂದ ಹುಡುಕುತ್ತಾ ಬರುತ್ತೀರಿ ಎಂದು ಮಗುವಿಗೂ ಗೊತ್ತಿರಲಿ.

ಮಳೆಯ ರಜೆಯ ಸುದ್ದಿ ಒಮ್ಮೊಮ್ಮೆ ಮಗು ಮನೆ ಬಿಟ್ಟ ಮೇಲೆ ಬರುತ್ತದೆ. ಶಾಲೆಗೆ ಹೋದಮೇಲೆ ರಜೆ ಎಂದು ಗೊತ್ತಾದರೆ ಪೇಟೆ ಸುತ್ತದೆ ಮುಂದಿನ ಬಸ್ಸಿಗೇ ವಾಪಸ್. ಅಷ್ಟು ಹೇಳಿಕೊಟ್ಟರೆ ಸಾಕು.

ಬಸ್ ಖರ್ಚಿನ ಬಗ್ಗೆ ಎರಡು ಮಾತು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಗುರುತಿನ ಚೀಟಿ ಚೀಲದಲ್ಲಿರಲಿ. ಆದರೆ ನಮ್ಮ ಕಡೆ ಎಷ್ಟೋ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸೇ, ಅಲ್ಲಿ ಶಕ್ತಿ ನಡೆಯುವುದಿಲ್ಲ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯಾ ಎಂದು ಮೊದಲೇ ಕೇಳಿ, ತಿಂಗಳ ಖರ್ಚಿನ ಲೆಕ್ಕ ಹಾಕಿ. ಗಂಡುಮಕ್ಕಳಿಗೆ ಸರ್ಕಾರಿ ಬಸ್ಸಿನ ರಿಯಾಯಿತಿ ಪಾಸಿಗೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಬೇಕು, ಶಾಲೆಗೆ ದಾಖಲಾದ ಕೂಡಲೇ ಹಾಕಿ.

ರಜೆಯಲ್ಲೇ: ನಾಲ್ಕು ಲೆಕ್ಕ, ಒಂದು ಓದು

ಬೇಸಿಗೆಯಲ್ಲಿ ಎಂಟನೇ ತರಗತಿ ಪುಸ್ತಕ ತಂದು ಟ್ಯೂಷನ್ ಹಚ್ಚುವವರಿದ್ದಾರೆ. ಬೇಡ. ಮುಂದಿನದ್ದನ್ನು ನಾವು ಹೇಳಿಕೊಡುತ್ತೇವೆ. ಹಿಂದಿನದ್ದು ಗಟ್ಟಿಯಾಗಿದೆಯಾ ಎಂದು ನೀವು ನೋಡಿ. ಒಂದು ಹಾಳೆಯಲ್ಲಿ ಈ ನಾಲ್ಕು ಲೆಕ್ಕ ಬರೆದು ಕೊಡಿ:

3/4 + 2/5
−7 + 3
240ರ ಶೇಕಡಾ 15
2x + 5 = 17 ಆದರೆ x ಎಷ್ಟು?

ಉತ್ತರ: 23/20, −4, 36, 6. ನಾಲ್ಕೂ ಸರಿ ಬಂದರೆ ಮಗುವನ್ನು ಆಡಲು ಬಿಡಿ. ಮೊದಲನೆಯದಕ್ಕೆ 5/9 ಎಂದು ಬರೆದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ ಎಂದು ಅರ್ಥ. ಎಂಟನೇ ತರಗತಿಗೆ ಬರುವ ಮಕ್ಕಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನೋಡುವ ತಪ್ಪು ಇದು. ಬೈಯಬೇಡಿ. ಅರ್ಧ ಹೋಳಿಗೆ ಪಕ್ಕ ಇನ್ನರ್ಧ ಹೋಳಿಗೆ ಇಟ್ಟು ಎಷ್ಟಾಯಿತು ಎಂದು ಕೇಳಿ. ಒಂದು ಎನ್ನುತ್ತದೆ. ಈಗ ಅದೇ ದಾರಿಯಲ್ಲಿ 1/2 + 1/2 ಕೂಡಿಸಲು ಹೇಳಿ. 2/4 ಬರುತ್ತದೆ, ಅಂದರೆ ಮತ್ತೆ ಅರ್ಧವೇ! ಎಲ್ಲಿ ತಪ್ಪಿತು ಎಂದು ಮಗುವಿಗೇ ಕಾಣಿಸುತ್ತದೆ. ಆಮೇಲೆ ಛೇದ ಒಂದೇ ಮಾಡಿಕೊಳ್ಳುವುದನ್ನು ದಿನಕ್ಕೆ ಐದು ಲೆಕ್ಕದಂತೆ ಮಾಡಿಸಿ. ಎರಡು ವಾರಕ್ಕೆ ದಾರಿಗೆ ಬರುತ್ತದೆ. ಮಗ್ಗಿ ಹದಿನೈದರವರೆಗೆ ಬಾಯಿಗೆ ಬರಲಿ, ಅದಕ್ಕೆ ರಿಯಾಯಿತಿ ಇಲ್ಲ.

ಓದಿನ ಪರೀಕ್ಷೆ ಇನ್ನೂ ಸುಲಭ. ದಿನಪತ್ರಿಕೆಯ ಒಂದು ಸುದ್ದಿ ಗಟ್ಟಿಯಾಗಿ ಓದಿಸಿ, ಪತ್ರಿಕೆ ಮುಚ್ಚಿ, ಏನಾಯಿತಂತೆ ಎಂದು ಕೇಳಿ. ಓದುವುದು ಸರಾಗವಿದ್ದೂ ಹೇಳಲು ಬರದಿದ್ದರೆ ಅರ್ಥವಾಗಿಲ್ಲ. ಸಮಾಜ, ವಿಜ್ಞಾನ ಎಲ್ಲ ಇದರ ಮೇಲೇ ನಿಂತಿರುವುದರಿಂದ ರಜೆ ಮುಗಿಯುವವರೆಗೂ ದಿನಾ ಇದೊಂದು ನಡೆಯಲಿ. ಅಜ್ಜನಿಗೆ ಪೇಪರ್ ಓದಿ ಹೇಳುವ ಕೆಲಸ ಕೊಟ್ಟರೆ ಇಬ್ಬರಿಗೂ ಖುಷಿ.

ಜೂನ್: ಮೊದಲ ವಾರಗಳು

ಪ್ರಾಥಮಿಕದಲ್ಲಿ ಒಬ್ಬಿಬ್ಬರು ಮೇಷ್ಟ್ರೇ ಎಲ್ಲ ಹೇಳುತ್ತಿದ್ದರು. ಇಲ್ಲಿ ಬೆಲ್ ಹೊಡೆದಾಗಲೆಲ್ಲ ಹೊಸ ಮುಖ. ಒಬ್ಬರು ಹೋಂವರ್ಕ್ ದಿನಾ ನೋಡುತ್ತಾರೆ, ಇನ್ನೊಬ್ಬರು ವಾರಕ್ಕೊಮ್ಮೆ. ಹಾಗಾಗಿ ಒಂದು ಡೈರಿ ಕಡ್ಡಾಯ. ವೇಳಾಪಟ್ಟಿಯನ್ನು ಎರಡು ಪ್ರತಿ ಬರೆಸಿ, ಒಂದು ಡೈರಿಯೊಳಗೆ, ಒಂದು ಮನೆಯ ಗೋಡೆಗೆ. ರಾತ್ರಿ ಊಟದ ಮೊದಲು ಅದನ್ನು ನೋಡಿಕೊಂಡು ಮಗುವೇ ಚೀಲ ತುಂಬಲಿ. ಎಲ್ಲ ಪುಸ್ತಕ ಹೊತ್ತುಕೊಂಡು ಹೋಗುವ ಮಗುವಿಗೆ ವೇಳಾಪಟ್ಟಿ ಇನ್ನೂ ಮನಸ್ಸಿಗೆ ಇಳಿದಿಲ್ಲ ಎಂದು ತಿಳಿಯಿರಿ.

ಮಳೆಗಾಲದ ಚೀಲಕ್ಕೆ ಬೇರೆಯದೇ ಪಟ್ಟಿ. ಪುಸ್ತಕವೆಲ್ಲ ದಪ್ಪ ಪ್ಲಾಸ್ಟಿಕ್ ಕವರಿನೊಳಗೆ. ಒಂದು ಜೊತೆ ಒಣ ಬಟ್ಟೆ, ಚಿಕ್ಕ ಟವೆಲ್, ಒದ್ದೆ ಬಟ್ಟೆ ತುಂಬಿಕೊಳ್ಳಲು ಇನ್ನೊಂದು ಕವರ್. ಉಂಬಳದ (ಜಿಗಣೆಯ) ದಾರಿಯಾದರೆ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು. ಒದ್ದೆ ಯೂನಿಫಾರಂ ಸಂಜೆಯೇ ಬಚ್ಚಲೊಲೆಯ ಹತ್ತಿರ ಹರವಿ. ಶೂ ಒಣಗುವುದಿಲ್ಲ, ಮಳೆಗಾಲ ಮುಗಿಯುವವರೆಗೆ ಚಪ್ಪಲಿಗೆ ಬಿಡಿ ಎಂದು ಮುಖ್ಯ ಶಿಕ್ಷಕರನ್ನು ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಬೇಗ ಮನೆ ಬಿಡುವ ಮಗುವಿಗೆ ಹೊಟ್ಟೆ ತುಂಬ ತಿಂಡಿ ಇಳಿಯುವುದಿಲ್ಲ. ಒಂದು ಪುಟ್ಟ ಡಬ್ಬಿಯಲ್ಲಿ ಎರಡು ರೊಟ್ಟಿಯೋ ಅವಲಕ್ಕಿಯೋ ಕೊಡಿ, ಮೊದಲ ಬಿಡುವಿಗೆ ಆಗುತ್ತದೆ.

ಶಾಲೆ ಶುರುವಾದ ಮೊದಲ ದಿನಗಳಲ್ಲಿ ‘ಸೇತುಬಂಧ’ ನಡೆಯುತ್ತದೆ. ಹಿಂದಿನ ತರಗತಿಯದ್ದು ಎಷ್ಟು ಬರುತ್ತದೆ ಎಂದು ಒಂದು ಪರೀಕ್ಷೆ ಮಾಡಿ, ಬಾರದ್ದನ್ನು ಹೇಳಿಕೊಟ್ಟು, ಕೊನೆಗೆ ಇನ್ನೊಂದು ಪರೀಕ್ಷೆ ಮಾಡುತ್ತೇವೆ. ಈ ದಿನಗಳಲ್ಲಿ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ‘ಪಾಠ ಇನ್ನೂ ಶುರುವಾಗಿಲ್ಲ’ ಎಂದು ನೆಂಟರ ಮನೆಗೆ ಕಳಿಸುವವರಿದ್ದಾರೆ. ಹಿಂದಿನದ್ದು ತುಂಬಿಕೊಳ್ಳಲು ಇರುವ ಹೊತ್ತು ಇದೊಂದೇ. ಪರೀಕ್ಷೆಯಲ್ಲಿ ಕಡಿಮೆ ಬಂದರೆ ಅವಮಾನವಲ್ಲ, ಎಲ್ಲಿ ಹಿಡಿಯಬೇಕು ಎಂದು ನಮಗೆ ಗೊತ್ತಾಗುವುದು ಅದರಿಂದಲೇ.

ಮಗುವಿಗೆ ಮೂರು ಮಾತು ಬಾಯಿಪಾಠ ಮಾಡಿಸಿ. ನಗಬೇಡಿ, ಮನೆಯಲ್ಲಿ ನಿಜವಾಗಿ ಹೇಳಿಸಿ. ‘ಸರ್, ಇದು ಅರ್ಥ ಆಗಲಿಲ್ಲ, ಇನ್ನೊಂದ್ಸಲ ಹೇಳ್ತೀರಾ?’ ‘ಮಿಸ್, ಟಾಯ್ಲೆಟ್ಟಿಗೆ ಹೋಗಬೇಕು.’ ‘ಬಸ್ ತಪ್ಪಿತು, ಮನೆಗೆ ಫೋನ್ ಮಾಡಬೇಕು.’ ಏಳು ವರ್ಷ ಒಂದೇ ಮೇಷ್ಟ್ರ ಎದುರು ಕೂತ ಮಗುವಿಗೆ ಹೊಸಬರ ಮುಂದೆ ಈ ಮೂರು ಮಾತು ಗಂಟಲಿಂದ ಹೊರಡುವುದಿಲ್ಲ. ಎಷ್ಟೋ ಸಲ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿರುತ್ತವೆ, ಕೇಳಿದರೆ ಏನಿಲ್ಲ ಎನ್ನುತ್ತವೆ.

ಸಂಜೆ ಮಗು ಬಂದ ಕೂಡಲೇ ‘ಇವತ್ತು ಏನು ಪಾಠ ಮಾಡಿದ್ರು?’ ಬೇಡ. ಕಾಲು ತೊಳೆದು, ಬಿಸಿ ಏನಾದರೂ ಕುಡಿಯಲಿ. ಆಮೇಲೆ ‘ಯಾರ ಪಕ್ಕ ಕೂತಿದ್ದೆ? ಊಟಕ್ಕೆ ಯಾರ ಜೊತೆ ಕೂತೆ? ಬಸ್ಸಲ್ಲಿ ಸೀಟು ಸಿಕ್ತಾ?’ ಎಂದು ಕೇಳಿ. ಮಗು ಹೆಸರುಗಳನ್ನು ಹೇಳತೊಡಗಿದರೆ ಅರ್ಧ ಗೆದ್ದ ಹಾಗೆ.

ಹೆಣ್ಣುಮಕ್ಕಳಿದ್ದರೆ

ಶಾಲೆ ನೋಡಲು ಹೋದಾಗ ಟಾಯ್ಲೆಟ್ ನೋಡಿ ಬನ್ನಿ. ನೀರಿದೆಯಾ, ಚಿಲಕ ಇದೆಯಾ. ಟಾಯ್ಲೆಟ್ ಸರಿಯಿಲ್ಲ ಎಂದು ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯದೆ ಕೂರುವ ಹುಡುಗಿಯರಿದ್ದಾರೆ. ತಲೆನೋವು, ಉರಿಮೂತ್ರ ಎಲ್ಲ ಅಲ್ಲಿಂದಲೇ ಬರುತ್ತದೆ. ಸರಿಯಿಲ್ಲದಿದ್ದರೆ ಪೋಷಕರ ಸಭೆಯಲ್ಲಿ ಎದ್ದು ನಿಂತು ಕೇಳಿ, ಇದು ನಾಚಿಕೊಳ್ಳುವ ವಿಷಯವಲ್ಲ.

ಮುಟ್ಟು ಶುರುವಾಗುವುದೂ ಹೆಚ್ಚುಕಡಿಮೆ ಈ ವಯಸ್ಸಿಗೇ. ಶುರುವಾಗಿರಲಿ, ಆಗದಿರಲಿ, ಚೀಲದ ಒಳಜೇಬಿನಲ್ಲಿ ಎರಡು ಪ್ಯಾಡ್, ಒಂದು ಒಳಉಡುಪು, ಒಂದು ಕವರ್ ಇರಲಿ. ಏನಾಗುತ್ತದೆ, ಏನು ಮಾಡಬೇಕು ಎಂದು ತಾಯಿಯೋ ಚಿಕ್ಕಮ್ಮನೋ ಬಿಡಿಸಿ ಹೇಳಬೇಕು. ಅಪ್ಪನಿಗೂ ಗೊತ್ತಿರಬೇಕು, ಪೇಟೆಯಿಂದ ಪ್ಯಾಡ್ ತರುವುದು ಹೆಚ್ಚಾಗಿ ಅವನೇ ಅಲ್ವಾ. ಕೆಲವು ಮನೆಗಳಲ್ಲಿ ಆ ಮೂರು ದಿನ ಹೊರಗೆ ಕೂರಿಸಿ ಶಾಲೆಯನ್ನೂ ಬಿಡಿಸುತ್ತಾರೆ. ತಿಂಗಳಿಗೆ ಮೂರು ದಿನ ಎಂದರೆ ಹತ್ತು ತಿಂಗಳಿಗೆ ಮೂವತ್ತು ದಿನ. ಒಂದು ತಿಂಗಳ ಪಾಠ ಕಳೆದುಕೊಂಡ ಹುಡುಗಿಯನ್ನು ‘ಗಣಿತ ತಲೆಗೆ ಹತ್ತಲ್ಲ’ ಎಂದು ಬೈಯುವುದು ಅನ್ಯಾಯ. ಮನೆಯ ಪದ್ಧತಿ ಮನೆಯಲ್ಲಿರಲಿ, ಶಾಲೆ ತಪ್ಪಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಜುಲೈ, ಆಗಸ್ಟ್: ಮಗು ಮಂಕಾದರೆ

ಮೊದಲ ತಿಂಗಳ ಸುಸ್ತು ಸಹಜ. ಆದರೆ ಪ್ರತಿ ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ಪದೇ ಪದೇ ಕಳೆದುಹೋಗುವ ಪೆನ್ನು ಪುಸ್ತಕ, ಬಸ್ ಇದ್ದೂ ತಡವಾಗಿ ಬರುವುದು, ಇವು ಕಂಡರೆ ಕೂತು ವಿಚಾರಿಸಿ. ಕಾರಣ ಬಹಳ ಸಲ ತರಗತಿಯ ಹೊರಗಿರುತ್ತದೆ. ಬಸ್ಸಿನಲ್ಲಿ ದೊಡ್ಡ ಹುಡುಗರು ಕಾಡಿಸುವುದು, ದುಡ್ಡು ಕಿತ್ತುಕೊಳ್ಳುವುದು, ಮಾತಿನ ಧಾಟಿಗೆ ನಗುವುದು. ತರಗತಿ ಶಿಕ್ಷಕರಿಗೆ ಹೇಳಿ, ಕಂಡಕ್ಟರಿಗೂ ಹೇಳಿ. ಮಗುವನ್ನು ಯಾರಾದರೂ ಕೆಟ್ಟದಾಗಿ ಮುಟ್ಟಿದ್ದರೆ, ಹೆದರಿಸಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ, ದುಡ್ಡು ಬೀಳುವುದಿಲ್ಲ, ಮಗುವೇ ಕರೆ ಮಾಡಬಹುದು. ಈ ನಂಬರ್ ಡೈರಿಯ ಮೊದಲ ಪುಟದಲ್ಲಿರಲಿ.

ಹಳೆಯ ಶಾಲೆಯ ಮೇಷ್ಟ್ರ ಹತ್ತಿರ ಒಮ್ಮೆ ಕರೆದುಕೊಂಡು ಹೋಗುವುದೂ ಒಳ್ಳೆಯದು. ಅವರ ಎರಡು ಮಾತಿಗೆ ಮನೆಯವರ ಇಪ್ಪತ್ತು ಮಾತಿನ ತೂಕ ಇರುತ್ತದೆ.

ದಸರಾದ ಆಚೀಚೆ

ವರ್ಷದಲ್ಲಿ ನಾಲ್ಕು ರೂಪಣಾತ್ಮಕ (ಪಾಠದ ನಡುನಡುವೆ ಮಾಡುವ ಚಿಕ್ಕವು), ಎರಡು ಸಂಕಲನಾತ್ಮಕ (ಅವಧಿಯ ಕೊನೆಯ ದೊಡ್ಡವು) ಮೌಲ್ಯಮಾಪನ ಇರುತ್ತವೆ. ಮೊದಲ ಸಂಕಲನಾತ್ಮಕ ಪರೀಕ್ಷೆಯಾದ ಮೇಲೆ ಶಾಲೆಗೆ ಹೋಗಿ ಉತ್ತರ ಪತ್ರಿಕೆ ನೋಡಿ. ಒಟ್ಟು ಅಂಕಕ್ಕಿಂತ ಯಾವ ಪ್ರಶ್ನೆ ಬಿಟ್ಟಿದೆ ಎಂದು ನೋಡುವುದು ಮುಖ್ಯ. ಪತ್ರಿಕೆಯ ಕೊನೆಯ ಪ್ರಶ್ನೆಗಳೆಲ್ಲ ಖಾಲಿ ಇದ್ದರೆ ಬರೆಯುವ ವೇಗ ಸಾಲದು, ಮನೆಯಲ್ಲಿ ಗಡಿಯಾರ ಇಟ್ಟು ಬರೆಸಿ. ದೊಡ್ಡ ಉತ್ತರದ ಪ್ರಶ್ನೆ ಮಾತ್ರ ಖಾಲಿ ಇದ್ದರೆ ನಾಲ್ಕು ವಾಕ್ಯ ಕಟ್ಟುವ ಅಭ್ಯಾಸ ಬೇಕು.

ಎನ್‌ಎಂಎಂಎಸ್ ಎಂಬ ಸ್ಕಾಲರ್‌ಶಿಪ್ ಪರೀಕ್ಷೆಯ ಅರ್ಜಿಯ ಬಗ್ಗೆಯೂ ಈ ಹೊತ್ತಿಗೆ ಮುಖ್ಯ ಶಿಕ್ಷಕರನ್ನು ಕೇಳಿ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳು ಬರೆಯುವ ಪರೀಕ್ಷೆ ಇದು. ಕುಟುಂಬದ ವರ್ಷದ ಆದಾಯ 3.5 ಲಕ್ಷ ರೂಪಾಯಿ ದಾಟಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ಒಂದು ಪತ್ರಿಕೆ ಬುದ್ಧಿ ಸಾಮರ್ಥ್ಯದ್ದು, ಇನ್ನೊಂದು ಪಾಠದ್ದು, ತಲಾ 90 ಪ್ರಶ್ನೆ, 90 ನಿಮಿಷ. ಹಳೆಯ ಪ್ರಶ್ನೆಪತ್ರಿಕೆ ಶಾಲೆಯಲ್ಲೇ ಸಿಗುತ್ತವೆ.

ಇಷ್ಟರಲ್ಲಿ ಅಡಿಕೆ ಕೊಯ್ಲು ಶುರುವಾಗಿರುತ್ತದೆ. ಕೊನೆ (ಅಡಿಕೆ ಗೊನೆ) ಹೊರಲು, ಸುಲಿಯಲು ಜನ ಸಿಗುವುದಿಲ್ಲ, ಮಗ ಎರಡು ದಿನ ನಿಂತರೆ ಕೆಲಸ ಸಾಗುತ್ತದೆ ಅನಿಸುವುದು ನನಗೂ ಅರ್ಥವಾಗುತ್ತದೆ. ಆದರೆ ಆ ಎರಡು ದಿನ ನಾಲ್ಕಾಗುತ್ತದೆ, ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡಿದ ಮೇಲೆ ಬೆಂಚಿನ ಮೇಲೆ ಕೂರುವುದು ಬೇಸರವಾಗುತ್ತದೆ. ಎಂಟನೇ ತರಗತಿಯಲ್ಲಿ ಶಾಲೆ ಬಿಟ್ಟ ಹುಡುಗರಲ್ಲಿ ನಾನು ಕಂಡವರು ಜಾಸ್ತಿ ಬಿಟ್ಟಿದ್ದು ಈ ಸುಗ್ಗಿಯಲ್ಲೇ. ಭಾನುವಾರ ಕೆಲಸಕ್ಕೆ ಸೇರಿಸಿಕೊಳ್ಳಿ, ಮನೆಯ ಕೆಲಸ ಕಲಿಯಲೇಬೇಕು. ವಾರದ ದಿನ ಸಂಜೆ ಒಂದು ತಾಸು ಸುಲಿದರೆ ಸಾಕು, ಒಂಬತ್ತಕ್ಕೆ ಮಲಗಿಸಿ. ಹಾಜರಿ ಯಾವ ವಾರ ಕುಸಿಯಿತು ಎಂದು ತರಗತಿ ಶಿಕ್ಷಕರ ಬಳಿ ತಿಂಗಳಿಗೊಮ್ಮೆ ಕೇಳಿ. ನೀವು ಕೇಳದಿದ್ದರೆ ನಾವೇ ಫೋನ್ ಮಾಡುತ್ತೇವೆ, ದಯವಿಟ್ಟು ಎತ್ತಿ.